ಲೆಕ್ಕದಲ್ಲಿದ್ದು ಕೈಯಲ್ಲಿಲ್ಲದ ಡಾಲರ್

2021ರ ಆಗಸ್ಟ್‌ನಲ್ಲಿ ಅಮೆರಿಕದ ಒಂದು ಹಳೆಯ ಬೆಳ್ಳಿ ಡಾಲರ್ ಹರಾಜಿನಲ್ಲಿ 76 ಲಕ್ಷ 80 ಸಾವಿರ ಡಾಲರಿಗೆ ಹೋಯಿತು. ತೂಕ ಇಪ್ಪತ್ತೇಳು ಗ್ರಾಮಿನ ಆಸುಪಾಸು. ಮೇಲಿರುವ ಇಸವಿ 1804. ಆ ಇಸವಿಯಲ್ಲಿ ಅದು ಹುಟ್ಟಿರಲೇ ಇಲ್ಲ, ಮುದ್ರಿಸಿದ್ದು ಮೂವತ್ತು ವರ್ಷ ಕಳೆದ ಮೇಲೆ. ಮಾರಿದವರಿಗೂ ಇದು ಗೊತ್ತಿತ್ತು, ಕೊಂಡವರಿಗೂ ಗೊತ್ತಿತ್ತು. ಹರಾಜಿನವರು ಅಚ್ಚು ಹಾಕಿಸಿದ ಕ್ಯಾಟಲಾಗಿನಲ್ಲಿ ಅದನ್ನೇ ಪುಟಗಟ್ಟಲೆ ಹೊಗಳಿ ಬರೆದಿದ್ದರು.

ನಿವೃತ್ತಿಯಾಗುವವರೆಗೂ ಬ್ಯಾಂಕಿನ ಕ್ಯಾಶ್ ಕೌಂಟರಿನ ಜಾಲರಿಯ ಹಿಂದೆ ಕೂತವನು ನಾನು. ಸಂಜೆ ಪುಸ್ತಕದ ಮೊತ್ತಕ್ಕೂ ಪೆಟ್ಟಿಗೆಯ ಹಣಕ್ಕೂ ತಾಳೆ ಬೀಳದಿದ್ದರೆ ಯಾರೂ ಮನೆಗೆ ಹೋಗುವಂತಿಲ್ಲ. ಹತ್ತು ರೂಪಾಯಿ ಹೆಚ್ಚಾದರೂ ತಪ್ಪೇ, ಕಡಿಮೆಯಾದರೂ ತಪ್ಪೇ. ಈಗ ಮಗಳ ಮನೆಯ ನೆಪದಲ್ಲಿ ಫಿಲಡೆಲ್ಫಿಯಾದಲ್ಲಿದ್ದೇನೆ. ಈ ಊರಿನ ಟಂಕಸಾಲೆಯ ಪುಸ್ತಕಕ್ಕೂ ಪೆಟ್ಟಿಗೆಗೂ ಒಮ್ಮೆ ತಾಳೆ ಬೀಳದೆ ಹೋದದ್ದರಿಂದಲೇ ಈ ನಾಣ್ಯ ಹುಟ್ಟಿತು ಎಂದು ತಿಳಿದಾಗ, ನನ್ನ ಕಸುಬಿನವರು ಯಾರಾದರೂ ಇದನ್ನು ಬರೆಯಬೇಕು ಅನ್ನಿಸಿತು.

ಅಮೆರಿಕದ ಕಾಂಗ್ರೆಸ್ಸು ಟಂಕಸಾಲೆಯ ಕಾಯಿದೆ ಮಾಡಿದ್ದು 1792ರಲ್ಲಿ. ಮೊದಲ ಟಂಕಸಾಲೆ ಇಲ್ಲಿನ ಸೆವೆಂತ್ ಸ್ಟ್ರೀಟಿನಲ್ಲಿ ಎದ್ದಿತು. ಬೆಳ್ಳಿ ಡಾಲರ್ ಹೊರಬಂದದ್ದು 1794ರಲ್ಲಿ, ಆ ವರ್ಷ ಕೊಟ್ಟದ್ದು ಬರೀ 1,758. ಆದರೆ ಹೊಸ ದೇಶದ ಈ ನಾಣ್ಯ ದೇಶದೊಳಗೆ ನಿಲ್ಲಲಿಲ್ಲ. ಸ್ಪೇನಿನ ಡಾಲರಿನಲ್ಲಿ ಬೆಳ್ಳಿ ಒಂದು ಗುಲಗಂಜಿ ಹೆಚ್ಚು. ವೆಸ್ಟ್ ಇಂಡೀಸಿನ ಬಂದರುಗಳಲ್ಲಿ ಮಾತ್ರ ಎರಡೂ ಸರಿಸಮವಾಗಿ ನಡೆಯುತ್ತಿದ್ದವು. ಜಾಣ ವ್ಯಾಪಾರಿಗಳು ಅಮೆರಿಕದ ಡಾಲರನ್ನು ಅಲ್ಲಿಗೆ ಸಾಗಿಸಿ, ಒಂದಕ್ಕೊಂದರಂತೆ ಸ್ಪೇನಿನದನ್ನು ತಂದು, ಟಂಕಸಾಲೆಗೆ ಕೊಟ್ಟು ಮತ್ತೆ ಡಾಲರ್ ಮಾಡಿಸಿಕೊಳ್ಳುತ್ತಿದ್ದರು. ಆಗ ಮುದ್ರಣಕ್ಕೆ ಶುಲ್ಕವಿಲ್ಲ. ಸರ್ಕಾರ ಮೈಮುರಿದು ದುಡಿಯುವುದು, ಲಾಭ ಮಧ್ಯದವರಿಗೆ. 1804ರಲ್ಲಿ ಡಾಲರ್ ಮುದ್ರಣ ನಿಂತಿತು. 1806ರಲ್ಲಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಮ್ಯಾಡಿಸನ್, ಇನ್ನು ಡಾಲರ್ ಬೇಡ ಎಂದು ಟಂಕಸಾಲೆಗೆ ಬರೆದೇಬಿಟ್ಟರು.

ಟಂಕಸಾಲೆಯ ಪುಸ್ತಕದಲ್ಲಿ 1804ನೇ ಇಸವಿಯ ಲೆಕ್ಕಕ್ಕೆ 19,570 ಡಾಲರ್ ಬರೆದಿದೆ. ಬರೆದದ್ದು ಸುಳ್ಳಲ್ಲ. ಆದರೆ ಆ ಕಾಲದಲ್ಲಿ ಒಳ್ಳೆಯ ಉಕ್ಕು ದುಬಾರಿ. ಇಸವಿ ಬದಲಾಯಿತೆಂದು ಯಾರೂ ಅಚ್ಚನ್ನು ಎಸೆಯುತ್ತಿರಲಿಲ್ಲ, ಬಿರುಕು ಬಿಡುವ ತನಕ ಹೊಡೆಯುತ್ತಿದ್ದರು. ಹಾಗಾಗಿ 1804ರಲ್ಲಿ ಹೊರಬಿದ್ದ ಅಷ್ಟೂ ಡಾಲರುಗಳ ಮೇಲೆ ಹಿಂದಿನ ಇಸವಿಯೇ ಇತ್ತು. ನಾಣ್ಯ ನೋಡಿದ್ದರೆ ಯಾರಿಗೂ ತಿಳಿಯುತ್ತಿತ್ತು. ಪುಸ್ತಕ ಮಾತ್ರ ನೋಡಿದವರಿಗೆ ತಿಳಿಯುವ ದಾರಿ ಇರಲಿಲ್ಲ.

ಪುಸ್ತಕ ನೋಡುವ ಸಂದರ್ಭ ಬಂದದ್ದು 1834ರಲ್ಲಿ. ನ್ಯೂ ಹ್ಯಾಂಪ್‌ಷೈರಿನ ಪೋರ್ಟ್ಸ್‌ಮತ್ತಿನ ವ್ಯಾಪಾರಿ ಎಡ್ಮಂಡ್ ರಾಬರ್ಟ್ಸ್ ಅಧ್ಯಕ್ಷ ಆಂಡ್ರೂ ಜಾಕ್ಸನ್ ಅವರ ದೂತರಾಗಿ ಪೂರ್ವ ದೇಶಗಳಿಗೆ ಹೋಗಿ, 1833ರಲ್ಲಿ ಸಯಾಮಿನ ದೊರೆಯೊಡನೆಯೂ ಮಸ್ಕತ್ತಿನ ಸುಲ್ತಾನರೊಡನೆಯೂ ವ್ಯಾಪಾರದ ಒಪ್ಪಂದ ಮಾಡಿಕೊಂಡು ಬಂದಿದ್ದರು. ಒಪ್ಪಂದಕ್ಕೆ ಮುದ್ರೆ ಬೀಳಿಸಿಕೊಂಡು ಮತ್ತೆ ಹೋಗಬೇಕಿತ್ತು, ಬರಿಗೈಯಲ್ಲಿ ಹೋಗುವಂತಿರಲಿಲ್ಲ. ಕಾಣಿಕೆಗಳ ಪಟ್ಟಿಯಲ್ಲಿ ಅಮೆರಿಕದ ನಾಣ್ಯಗಳ ಒಂದು ಪೂರ್ಣ ಜೋಡಣೆಯೂ ಸೇರಿತು. ‘ಪೂರ್ಣ’ ಎಂದ ಮೇಲೆ ಬೆಳ್ಳಿ ಡಾಲರೂ ಬೇಕು, ಹತ್ತು ಡಾಲರಿನ ಚಿನ್ನದ ಈಗಲ್ಲೂ ಬೇಕು. ಎರಡರ ಮುದ್ರಣವೂ ನಿಂತು ಮೂರು ದಶಕ. ಕೊನೆಯ ಬಾರಿ ಮಾಡಿದ್ದು ಯಾವಾಗ ಎಂದು ಟಂಕಸಾಲೆಯವರು ಲೆಕ್ಕ ತೆಗೆದರು. 1804 ಎಂದಿತ್ತು. ಅದೇ ಇಸವಿಯ ಹೊಸ ಅಚ್ಚು ಕೊರೆದರು. ಹಿಂದೆಂದೂ ಇಲ್ಲದ ಡಾಲರ್ ಹೀಗೆ ಹುಟ್ಟಿತು.

ಅದು ಹುಟ್ಟಿದ ಕಟ್ಟಡ ಕೂಡ 1804ರಲ್ಲಿ ಇರಲಿಲ್ಲ. ಚೆಸ್ಟ್‌ನಟ್ ಮತ್ತು ಜೂನಿಪರ್ ಬೀದಿಗಳು ಸೇರುವಲ್ಲಿ ಎರಡನೆಯ ಟಂಕಸಾಲೆ ತೆರೆದದ್ದು 1833ರಲ್ಲಿ. ಸಿಟಿ ಹಾಲ್ ಕಡೆ ಹೋದಾಗಲೆಲ್ಲ ನಾನು ಆ ಮೂಲೆ ಹಾಯುತ್ತೇನೆ. ಈಗ ಅಲ್ಲಿ ವೈಡನರ್ ಕಟ್ಟಡ, ಕೆಳಗೆ ಅಂಗಡಿ, ಮೇಲೆ ಆಫೀಸು. ನಾಣ್ಯದ ಮೈ ಕೂಡ ಸುಳ್ಳು ಹೇಳುವುದಿಲ್ಲ. 1803ರ ಡಾಲರಿನ ಅಂಚಿನೊಳಗೆ ಉದ್ದುದ್ದ ಹಲ್ಲುಗಳಿವೆ. 1804 ಎಂದಿರುವುದರಲ್ಲಿ ಸಣ್ಣ ಮಣಿ ಪೋಣಿಸಿದಂಥ ಸುತ್ತು. ಆ ಕೆಲಸ ಟಂಕಸಾಲೆಗೆ ಕೈಹತ್ತಿದ್ದು 1820ರ ದಶಕದ ಕೊನೆಗೆ. ಬದಿಯಲ್ಲಿ ಕೊರೆದ ಅಕ್ಷರಗಳೂ ಉಕ್ಕಿನ ಬಳೆಯೊಳಗಿಟ್ಟು ಒತ್ತಿದ್ದರಿಂದ ಜಜ್ಜಿಹೋಗಿವೆ. ಹಳೆಯ ಡಾಲರನ್ನು ಹಾಗೆ ಬಳೆಯೊಳಗಿಟ್ಟು ಹೊಡೆಯುತ್ತಿರಲಿಲ್ಲ.

ರಾಬರ್ಟ್ಸ್ 1835ರ ಏಪ್ರಿಲಿನಲ್ಲಿ ಪೀಕಾಕ್ ಎಂಬ ಯುದ್ಧನೌಕೆ ಹತ್ತಿದರು. ಸೆಪ್ಟೆಂಬರಿನಲ್ಲಿ ಒಮಾನಿನ ಮಸೀರಾ ದ್ವೀಪದ ಬಳಿ ಹಡಗು ನೆಲ ಹಿಡಿಯಿತು. ಭಾರ ಇಳಿಸಲು ಫಿರಂಗಿಗಳನ್ನು ನೀರಿಗೆ ತಳ್ಳಿದರು. ರಾಬರ್ಟ್ಸ್ ಸಣ್ಣ ದೋಣಿಯಲ್ಲಿ ನೆರವು ಕೇಳಲು ಮಸ್ಕತ್ತಿಗೆ ಹೊರಟರು. ಸುಲ್ತಾನ ಸಯ್ಯಿದ್ ಸಯೀದ್ ಬಿನ್ ಸುಲ್ತಾನ್ ನೆರವು ಕಳಿಸಿದ್ದಷ್ಟೇ ಅಲ್ಲ, ಆಮೇಲೆ ಆ ಫಿರಂಗಿಗಳನ್ನೂ ಮೇಲೆತ್ತಿಸಿ ಮರಳಿಸಿದರು. ನಮ್ಮ ಮಂಗಳೂರಿನ ಅಕ್ಕಿ ತಿಂದು ಬೆಳೆದ ಬಂದರು ಮಸ್ಕತ್. ಟಿಪ್ಪು ಸುಲ್ತಾನ್ ಅಲ್ಲೊಂದು ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಆ ಬಂದರಿನ ಒಡೆಯನ ಕೈಗೆ ಡಾಲರಿನ ಪೆಟ್ಟಿಗೆ ಸೇರಿತು. ಹಡಗು ರಿಪೇರಿಗೆ ಮುಂಬಯಿಗೆ ಬಂದು, ಅಲ್ಲಿಂದ ಪೂರ್ವಕ್ಕೆ ಸಾಗಿ, 1836ರ ವಸಂತದಲ್ಲಿ ಬ್ಯಾಂಕಾಕಿನಲ್ಲಿ ಮೂರನೆಯ ರಾಮನಿಗೆ ಹಳದಿ ಚರ್ಮದ ಪೆಟ್ಟಿಗೆಯಲ್ಲಿ ಎರಡನೆಯ ಜೋಡಣೆ ತಲುಪಿಸಿತು. ಇನ್ನೆರಡು ಜೋಡಣೆ ಕೊಚಿನ್ ಚೀನಾಕ್ಕೂ ಜಪಾನಿಗೂ ಮೀಸಲಿದ್ದವು. ಕೊಡಲಾಗಲಿಲ್ಲ. ಕಾಯಿಲೆ ಬಿದ್ದ ರಾಬರ್ಟ್ಸ್ 1836ರ ಜೂನಿನಲ್ಲಿ ಮಕಾವಿನಲ್ಲಿ ತೀರಿಕೊಂಡರು.

ಇಲ್ಲಿಗೆ ರಾಜತಂತ್ರದ ಕಥೆ ಮುಗಿದು ಸಂಗ್ರಾಹಕರ ಕಥೆ ಶುರು. 1842ರಲ್ಲಿ ಟಂಕಸಾಲೆಯ ಇಬ್ಬರು ಅಧಿಕಾರಿಗಳು, ಜೇಕಬ್ ಎಕ್‌ಫೆಲ್ಟ್ ಮತ್ತು ವಿಲಿಯಂ ಡುಬಾ, ಲೋಕದ ನಾಣ್ಯಗಳ ಒಂದು ಕೈಪಿಡಿ ಹೊರತಂದು ಅದರಲ್ಲಿ 1804ರ ಡಾಲರಿನ ಚಿತ್ರ ಹಾಕಿದರು. ಸೇಲಂ ಊರಿನ ಮ್ಯಾಥ್ಯೂ ಸ್ಟಿಕ್ನಿ ಮರುವರ್ಷವೇ ಫಿಲಡೆಲ್ಫಿಯಾಕ್ಕೆ ಬಂದು, ತಮ್ಮಲ್ಲಿದ್ದ ಅಪರೂಪದ ಚಿನ್ನದ ನಾಣ್ಯವೊಂದರ ಜೊತೆ ಇನ್ನೂ ಕೆಲವನ್ನು ಕೊಟ್ಟು, ಟಂಕಸಾಲೆಯಿಂದಲೇ ಒಂದು ಡಾಲರನ್ನು ಬದಲಿಗೆ ಪಡೆದರು. ಆಮೇಲೆ ಬೇಡಿಕೆ ಏರಿತು. ಬೇಡಿಕೆ ಏರಿದಾಗ ಒಳಗಿನವರ ಕೈ ತುರಿಸುವುದು ಎಲ್ಲ ಕಾಲಕ್ಕೂ ಇದ್ದದ್ದೇ. 1858ರ ಸುಮಾರಿಗೆ ಟಂಕಸಾಲೆಯೊಳಗೇ ಗುಟ್ಟಾಗಿ ಮತ್ತಷ್ಟು ಹೊಡೆದರು. ಅವುಗಳಲ್ಲಿ ಒಂದನ್ನು 1857ರ ಸ್ವಿಸ್ ಬೆಳ್ಳಿ ನಾಣ್ಯದ ಮೇಲೇ ಒತ್ತಿದ್ದರು, ಅಡಿಯ ಗುರುತು ಇನ್ನೂ ಕಾಣುತ್ತದೆ. ಅದೀಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಟಂಕಸಾಲೆಯ ನಿರ್ದೇಶಕರಾಗಿದ್ದ ಹೆನ್ರಿ ಲಿಂಡರ್‌ಮನ್ ಬಳಿಯೂ ಇಂಥ ಮರುಮುದ್ರಣದ ಡಾಲರ್ ಇತ್ತು. ಈ ಕಾರಣಕ್ಕೆ 1804ರ ಡಾಲರನ್ನು ಮೂರು ವರ್ಗವಾಗಿ ವಿಂಗಡಿಸುತ್ತಾರೆ. ಮೊದಲ ವರ್ಗದವು, ಅಂದರೆ 1834ರ ಕಾಣಿಕೆಯ ಅಚ್ಚಿನವು, ಎಂಟೇ ಎಂಟು.

ಇನ್ನು ಹರಾಜಿನ ಮಾತು. ಸ್ಟಿಕ್ನಿ ತೀರಿದ ಮೇಲೆ ಅವರ ಡಾಲರ್ 1907ರಲ್ಲಿ 3,600 ಡಾಲರಿಗೆ ಹೋಯಿತು. ಮುಂದೆ ಅದು ಬಾಲ್ಟಿಮೋರಿನ ಲೂಯಿ ಎಲಿಯಾಸ್‌ಬರ್ಗ್ ಕೈಗೆ ಬಂತು. ಸಾಲ ಕೊಡುವ ವ್ಯವಹಾರದವರು, ಪಟ್ಟಿ ಹಿಡಿದು ಗೀಟು ಹಾಕುತ್ತ ಅಮೆರಿಕದ ಆಗ ಗೊತ್ತಿದ್ದ ಪ್ರತಿ ನಾಣ್ಯ, ಪ್ರತಿ ಇಸವಿ, ಪ್ರತಿ ಟಂಕಸಾಲೆಯ ಗುರುತನ್ನು 1950ರ ಹೊತ್ತಿಗೆ ಕೂಡಿಸಿದರು. ಬೀರುವಿನಲ್ಲಿ ಬೀಗ ಹಾಕಿಡದೆ ಬ್ಯಾಂಕುಗಳಲ್ಲಿ ಜನರಿಗೆ ತೋರಿಸಿದರು. 1976ರಲ್ಲಿ ಅವರು ಹೋದ ಮೇಲೆ ಚಿನ್ನ 1982ರಲ್ಲಿ, ಉಳಿದದ್ದು 1996 ಮತ್ತು 1997ರಲ್ಲಿ ಹರಾಜಾಯಿತು. ಸ್ಟಿಕ್ನಿಯ ಡಾಲರಿಗೆ ಆಗ ಬಂದದ್ದು 18 ಲಕ್ಷ 15 ಸಾವಿರ.

ಮಸ್ಕತ್ ಸುಲ್ತಾನನದು ಎಂದು ನಂಬಿರುವ ಡಾಲರಿನ ದಾರಿ ಬೇರೆ. ಅದು ಲಿವರ್‌ಪೂಲಿನ ಚಾರ್ಲ್ಸ್ ವಾಟರ್ಸ್ ಬಳಿ ಕಾಣಿಸಿಕೊಂಡು 1917ರಲ್ಲಿ ಲಂಡನ್ನಿನ ಹರಾಜಿಗೆ ಬಂತು. ಮರುವರ್ಷ ಶಿಕಾಗೋದ ಬಿಯರ್ ತಯಾರಕ ವರ್ಜಿಲ್ ಬ್ರ್ಯಾಂಡ್ ಕೊಂಡರು. ಮೂರು ಲಕ್ಷಕ್ಕೂ ಮಿಕ್ಕಿ ನಾಣ್ಯ ಕಲೆಹಾಕಿ, ಯಾವುದನ್ನು ಯಾರಿಂದ ಎಷ್ಟಕ್ಕೆ ಕೊಂಡೆ ಎಂದು ಲೆಡ್ಜರಿನಲ್ಲಿ ಬರೆದಿಟ್ಟ ಮನುಷ್ಯ. ಅಲ್ಲಿಂದ 1945ರಲ್ಲಿ ಚೈಲ್ಡ್ಸ್ ಮನೆತನಕ್ಕೆ ಬಂತು. 1999ರಲ್ಲಿ 41 ಲಕ್ಷ 40 ಸಾವಿರಕ್ಕೆ ಟೆಕ್ಸಾಸಿನ ಪೋಗ್ ಮನೆತನಕ್ಕೆ ಹೋಯಿತು. 2016ರಲ್ಲಿ ಅವರು ಹರಾಜಿಗಿಟ್ಟಾಗ ಕಮಿಷನ್ ಸೇರಿ ಕೂಗು ಒಂದು ಕೋಟಿ ಡಾಲರ್ ದಾಟಿತ್ತು. ಮನಸ್ಸಿನಲ್ಲಿಟ್ಟುಕೊಂಡ ಕನಿಷ್ಠ ಬೆಲೆ ಬರಲಿಲ್ಲವೆಂದು ಕೊಡಲಿಲ್ಲ. ಐದು ವರ್ಷದ ನಂತರ ಕೊಟ್ಟದ್ದು ಮೊದಲೇ ಹೇಳಿದ ಬೆಲೆಗೆ.

ಸಯಾಮಿನ ಪೆಟ್ಟಿಗೆ ಶತಮಾನಕ್ಕೂ ಹೆಚ್ಚು ಕಾಲ ಕಣ್ಣಿಗೆ ಬೀಳಲಿಲ್ಲ. ಬ್ಯಾಂಕಾಕಿನ ಅರಮನೆಯಲ್ಲಿ ಪಾಠ ಹೇಳಿದ ಅನ್ನಾ ಲಿಯೋನೋವೆನ್ಸ್ ಮನೆಯವರ ಮೂಲಕ ಇಂಗ್ಲೆಂಡಿಗೆ ಬಂತೆಂಬ ಮಾತಿದೆ. ಆಕೆ ಹುಟ್ಟಿದ್ದು ನಮ್ಮ ಅಹಮದ್‌ನಗರದಲ್ಲಿ. 1962ರಲ್ಲಿ ಎರಿಕ್ ನ್ಯೂಮನ್ ಮತ್ತು ಕೆನೆತ್ ಬ್ರೆಸೆಟ್ ಎಂಬ ಇಬ್ಬರು ವಿದ್ವಾಂಸರು ಈ ಡಾಲರಿನ ಬಗ್ಗೆ ಇಡೀ ಪುಸ್ತಕ ಬರೆದು, ಇದು 1804ರದಲ್ಲ, ಕಾಣಿಕೆಗೆ ಮಾಡಿದ್ದು ಎಂದು ತೋರಿಸಿದರು. ಪುಸ್ತಕ ಅಚ್ಚಿನ ಮನೆಯಲ್ಲಿದ್ದಾಗಲೇ ಆ ಪೆಟ್ಟಿಗೆ ಡೆಟ್ರಾಯಿಟಿನ ನಾಣ್ಯ ಸಮ್ಮೇಳನಕ್ಕೆ ಬಂದು ಅವರ ವಾದಕ್ಕೆ ಸಾಕ್ಷಿ ನುಡಿಯಿತು. 2005ರಲ್ಲಿ ಆ ಜೋಡಣೆ ಮಾರಾಟವಾದದ್ದು 85 ಲಕ್ಷ ಡಾಲರಿಗೆ.

ನನ್ನನ್ನು ಹಿಡಿದು ನಿಲ್ಲಿಸುವುದು ಇದೇ ಜಾಗ. ಇಸವಿ ಸುಳ್ಳೆಂದು ಸಾಬೀತಾದ ಮೇಲೆ ಬೆಲೆ ಬೀಳಬೇಕಿತ್ತು, ಏರಿತು. 1804ರಲ್ಲೇ ಹೊಡೆದ, 1803 ಎಂದಿರುವ ಅಸಲಿ ಡಾಲರ್ ಇವತ್ತು ಮಧ್ಯಮ ವರ್ಗದ ಸಂಗ್ರಾಹಕನೂ ಕೊಳ್ಳಬಹುದಾದ ವಸ್ತು. ಎರಡರಲ್ಲೂ ಬೆಳ್ಳಿ ಅಷ್ಟೇ. ಎಂಟೇ ಇವೆ ಎನ್ನುವುದೂ ಪೂರ್ತಿ ಉತ್ತರವಲ್ಲ, ಅದಕ್ಕಿಂತ ವಿರಳವಾದ ನಾಣ್ಯಗಳು ಎಷ್ಟೋ ಅಗ್ಗಕ್ಕೆ ಹೋಗಿವೆ. ಈ ಡಾಲರಿನ ಬೆನ್ನಿಗೆ ಟಂಕಸಾಲೆಯ ಪುಸ್ತಕವಿದೆ, ಮ್ಯಾಡಿಸನ್ನರ ಪತ್ರವಿದೆ, ಬ್ರ್ಯಾಂಡನ ಲೆಡ್ಜರಿದೆ, ನೂರು ವರ್ಷದ ಹರಾಜು ಕ್ಯಾಟಲಾಗುಗಳಿವೆ. ಕೂಗುವವನು ಬೆಲೆ ಕಟ್ಟುವುದು ಆ ಕಾಗದಕ್ಕೆ. ಪುಸ್ತಕ ತಪ್ಪು ದಾರಿ ತೋರಿಸಿ ಹುಟ್ಟಿಸಿದ ನಾಣ್ಯವನ್ನು ಪುಸ್ತಕಗಳೇ ಸಾಕಿ ದೊಡ್ಡದು ಮಾಡಿವೆ.

ಊರಿಗೆ ಹೋದಾಗ ಪರಿಚಯದವರು ಅಜ್ಜಿಯ ಡಬ್ಬಿಯಿಂದ ಐದನೆಯ ಜಾರ್ಜಿನ ರೂಪಾಯಿ ತಂದು ಅಂಗೈಗಿಡುತ್ತಾರೆ. ‘ಇದಕ್ಕೆ ಎಷ್ಟು ಬರುತ್ತೆ ಸಾರ್?’ ಬೆಳ್ಳಿಯ ರೇಟು ಅಕ್ಕಸಾಲಿಗನೇ ಹೇಳುತ್ತಾನೆ. ನಾನು ಕೇಳುವುದು ಬೇರೆ: ಅಜ್ಜಿಗೆ ಯಾರು ಕೊಟ್ಟದ್ದು, ಯಾವ ಊರಿನಲ್ಲಿ, ಮದುವೆಗೋ ಬಾಣಂತನಕ್ಕೋ? ಬಹಳ ಜನ ನಗುತ್ತಾರೆ. ಗೊತ್ತಿದ್ದವರಿಗೆ, ಒಂದು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ನಾಣ್ಯದ ಜೊತೆಗೇ ಇಡಿ ಎನ್ನುತ್ತೇನೆ. ಅದರಿಂದ ಯಾರೂ ಲಕ್ಷಾಧಿಪತಿಗಳಾಗುವುದಿಲ್ಲ. ಆದರೆ ಅಜ್ಜಿಯ ಹೆಸರಿಲ್ಲದ ರೂಪಾಯಿ ಮುಂದಿನ ತಲೆಮಾರಿಗೆ ಕರಗಿಸುವ ಬೆಳ್ಳಿ ಮಾತ್ರ.