ಕಾಮಾಲೆ ಇಳಿಸಿದ್ದು ನೆಲನೆಲ್ಲಿಯೇ?

ನನಗೆ ಚಿಕ್ಕಂದಿನಲ್ಲಿ ಕಾಮಾಲೆ ಬಂದಾಗ ಅಜ್ಜಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕಲಸಿ ಕೊಟ್ಟಿದ್ರು. ವಾಸಿಯಾಯ್ತು. ಆದರೆ ಮಕ್ಕಳಿಗೆ ಸಾಮಾನ್ಯವಾಗಿ ಬರುವ ಹೆಪಟೈಟಿಸ್ ಎ ಬಹುತೇಕ ತಾನಾಗೇ ಇಳಿಯುವ ಕಾಯಿಲೆ. ಬರೀ ಮಜ್ಜಿಗೆ ಕುಡಿದಿದ್ದರೂ ಇಳೀತಿತ್ತು. ಸೊಪ್ಪಿನ ಗುಣ ಗೊತ್ತಾಗಬೇಕಾದರೆ ಅದನ್ನು ತಗೊಳ್ಳದವರ ಜೊತೆ ಹೋಲಿಸಲೇಬೇಕು.

ಹಾಗೆ ಹೋಲಿಸಿಯೂ ನೋಡಿದ್ದಾರೆ. ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ವೈರಸ್ ಮೈಯಲ್ಲೇ ಉಳಿದವರಿಗೆ 30 ದಿನ ನೆಲನೆಲ್ಲಿ ಪುಡಿ ಕೊಟ್ಟರು. 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಕಾಣೆಯಾಯಿತು; ಔಷಧವಿಲ್ಲದ ಹುಸಿ ಮಾತ್ರೆ ನುಂಗಿದ 23ರಲ್ಲಿ ಒಬ್ಬರಿಗೆ ಮಾತ್ರ. 1988ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು. (ವಾಟ್ಸ್ಯಾಪಿನಲ್ಲಿ ಕತೆ ಇಲ್ಲಿಗೇ ಮುಗಿಯುತ್ತೆ.) ಆಮೇಲೆ ಥಾಯ್ಲೆಂಡ್ ಮುಂತಾದ ಕಡೆ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲೇ ಇಲ್ಲ. ಒಂದು ಪ್ರಯೋಗ ಗೆದ್ದರೆ ಸಾಲದು, ಬೇರೆಯವರ ಕೈಯಲ್ಲೂ ಗೆಲ್ಲಬೇಕು.

ಇನ್ನೊಂದು ವಿಷಯ. ಕಾಮಾಲೆ ಕಾಯಿಲೆಯ ಹೆಸರಲ್ಲ, ಲಕ್ಷಣ. ಕಣ್ಣು ಹಳದಿಯಾಗಲು ವೈರಸ್ ಕಾರಣವಿರಬಹುದು, ಮದ್ಯ ಇರಬಹುದು, ಪಿತ್ತನಾಳದ ಕಲ್ಲೂ ಇರಬಹುದು. ರಕ್ತಪರೀಕ್ಷೆ, ಸ್ಕ್ಯಾನ್ ಇಲ್ಲದೆ ಕಣ್ಣು ನೋಡಿಯೇ ಮದ್ದು ಕೊಡುವವರಿಗೆ ಇದು ಗೊತ್ತಾಗೋದು ಹೇಗೆ? ನಮ್ಮ ಚಿಕ್ಕಪ್ಪನಿಗೆ ಎರಡು ತಿಂಗಳು ಅದೇ ಸೊಪ್ಪು ಅರೆದು ಕೊಟ್ಟೆವು. ಆಮೇಲೆ ಸ್ಕ್ಯಾನ್ ಮಾಡಿಸಿದಾಗ ಪಿತ್ತನಾಳಕ್ಕೆ ಗೆಡ್ಡೆ ಅಡ್ಡ ಕೂತಿತ್ತು.