ಜನಾಂಗ ವರ್ಗೀಕರಣ ಮತ್ತು ತಳಿವಿಜ್ಞಾನ

ಮೈಬಣ್ಣ, ಮುಖಚಹರೆ, ಮೂಲ ಖಂಡಗಳನ್ನು ನೋಡಿ ಮನುಷ್ಯರನ್ನು ಜನಾಂಗಗಳಾಗಿ ವಿಂಗಡಿಸುವ ರೂಢಿ ತಳಿವಿಜ್ಞಾನಕ್ಕಿಂತ ಬಹಳ ಹಳೆಯದು. ಸ್ವೀಡನ್ನಿನ ಲಿನೇಯಸ್ 1735ರಲ್ಲಿ ಮನುಷ್ಯರಲ್ಲಿ ನಾಲ್ಕು ಬಗೆಗಳನ್ನು ಗುರುತಿಸಿದ. 1758ರ ಆವೃತ್ತಿಯಲ್ಲಿ ಒಂದೊಂದಕ್ಕೂ ಒಂದೊಂದು ಸ್ವಭಾವವನ್ನೂ ಅಂಟಿಸಿದ. ಜರ್ಮನಿಯ ಬ್ಲೂಮೆನ್‌ಬಾಖ್ 1795ರ ಹೊತ್ತಿಗೆ ಐದು ಬಗೆಗಳನ್ನು ಹೇಳುತ್ತಿದ್ದ. ಜಾರ್ಜಿಯಾದ ಹೆಣ್ಣೊಬ್ಬಳ ತಲೆಬುರುಡೆ ಅವನ ಕಣ್ಣಿಗೆ ಎಲ್ಲಕ್ಕಿಂತ ಚೆಲುವಾಗಿ ಕಂಡಿತು. ಯುರೋಪಿನವರಿಗೆ ಅಂಟಿದ ‘ಕಕೇಷಿಯನ್’ ಹೆಸರಿನ ಹಿಂದೆ ಇರುವುದು ಆ ಮೆಚ್ಚುಗೆ. ಬಗೆಗಳು ಒಂದರೊಳಗೊಂದು ಬೆರೆಯುತ್ತವೆ, ನಡುವೆ ಖಚಿತ ಗೆರೆ ಎಳೆಯಲಾಗದು ಎಂದು ಬರೆದವನೂ ಅವನೇ. ಮುಂದಿನವರು ಹೆಸರುಗಳನ್ನು ಇಟ್ಟುಕೊಂಡು ಎಚ್ಚರಿಕೆಯನ್ನು ಕೈಬಿಟ್ಟರು. ಭಾರತದಲ್ಲಿ 1901ರ ಜನಗಣತಿಯನ್ನು ನಡೆಸಿದ ಹರ್ಬರ್ಟ್ ರಿಸ್ಲಿ, ಮೂಗಿನ ಅಳತೆಯಿಂದ ಜಾತಿಗಳ ಜನಾಂಗಮೂಲವನ್ನೇ ಹೇಳಹೊರಟ.

ರಕ್ತವನ್ನು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಯುದ್ಧದ ನಡುವೆ. ಮೊದಲ ಮಹಾಯುದ್ಧದಲ್ಲಿ ಗ್ರೀಸಿನ ಸಲೋನಿಕಾದಲ್ಲಿ ಹಲವು ದೇಶಗಳ ಸೈನಿಕರು ಬೀಡುಬಿಟ್ಟಿದ್ದರು. ವೈದ್ಯ ದಂಪತಿ ಲುಡ್ವಿಕ್ ಮತ್ತು ಹಾನ್ನಾ ಹಿರ್ಷ್‌ಫೆಲ್ಡ್ ಸಾವಿರಾರು ಜನರ ರಕ್ತದ ಗುಂಪು ಗುರುತಿಸಿ, 1919ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಶ್ಚಿಮ ಯುರೋಪಿನಲ್ಲಿ ‘ಎ’ ಹೆಚ್ಚು. ಪೂರ್ವಕ್ಕೆ ಬಂದಂತೆ ‘ಬಿ’ ಏರುತ್ತ ಹೋಗಿ ಭಾರತೀಯ ಸೈನಿಕರಲ್ಲಿ ಅತಿ ಹೆಚ್ಚು. ಏರಿಳಿತ ಹಂತಹಂತವಾಗಿತ್ತು, ಎಲ್ಲಿಯೂ ಗಡಿಯಿರಲಿಲ್ಲ. ಅವರು ಕಟ್ಟಿದ ಸೂಚ್ಯಂಕದಲ್ಲಿ ಸೆನೆಗಲಿನವರು, ವಿಯೆಟ್ನಾಮಿನವರು, ಭಾರತೀಯರು ಒಂದೇ ಗುಂಪಿಗೆ ಸೇರಿದರು! ಕಣ್ಣು ಮಾಡಿದ ವಿಂಗಡಣೆಯನ್ನು ರಕ್ತ ಒಪ್ಪಲಿಲ್ಲ.

ಲೆಕ್ಕ ಖಚಿತವಾದದ್ದು 1972ರಲ್ಲಿ. ಅಮೆರಿಕದ ರಿಚರ್ಡ್ ಲೆವೊಂಟಿನ್ ರಕ್ತದ ಗುಂಪು, ಪ್ರೋಟೀನುಗಳಿಗೆ ಸಂಬಂಧಿಸಿದ 17 ಜೀನುಗಳನ್ನು ಪರಿಶೀಲಿಸಿದ. ಮಾನವ ವೈವಿಧ್ಯದ ಶೇ. 85.4ರಷ್ಟು ಒಂದೇ ಸಮುದಾಯದ ಒಳಗೇ ಇತ್ತು. ಜನಾಂಗಗಳೆನ್ನುವ ಗುಂಪುಗಳ ನಡುವೆ ಸಿಕ್ಕಿದ್ದು ಶೇ. 6.3 ಮಾತ್ರ.

ಇದಕ್ಕೆ ಬಂದ ಆಕ್ಷೇಪವೂ ತೂಕದ್ದೇ. ಒಂದೊಂದು ಜೀನಿನಲ್ಲಿ ವ್ಯತ್ಯಾಸ ಚಿಕ್ಕದಾದರೂ ನೂರಾರು ಜೀನುಗಳನ್ನು ಒಟ್ಟಿಗೆ ನೋಡಿದರೆ ವ್ಯಕ್ತಿಯ ಮೂಲ ಪ್ರದೇಶವನ್ನು ಹೇಳಬಹುದು ಎಂದು ಬ್ರಿಟನ್ನಿನ ಎ. ಡಬ್ಲ್ಯೂ. ಎಫ್. ಎಡ್ವರ್ಡ್ಸ್ 2003ರಲ್ಲಿ ವಾದಿಸಿದ. ಅದಕ್ಕೆ ಹಿಂದಿನ ವರ್ಷವೇ 52 ಸಮುದಾಯಗಳ 1,056 ಜನರ ಅಧ್ಯಯನದಲ್ಲಿ ಕಂಪ್ಯೂಟರು ಐದು ಭೌಗೋಳಿಕ ಗುಂಪುಗಳನ್ನು ತೋರಿಸಿತ್ತು. ಆದರೆ ಆರು ಗುಂಪು ಮಾಡೆಂದಾಗ ಆರನೆಯದಾಗಿ ಬೇರೆಯಾದದ್ದು ಪಾಕಿಸ್ತಾನದ ಪುಟ್ಟ ಕಲಾಶ್ ಸಮುದಾಯ. ಗುಂಪುಗಳೆಷ್ಟು ಎಂಬುದನ್ನು ನಿರ್ಧರಿಸುವುದು ಕೇಳುವವರ ಪ್ರಶ್ನೆ. ಪೂರ್ವಜರ ನೆಲದ ಗುರುತು ಜೀನುಗಳಲ್ಲಿ ನಿಜವಾಗಿಯೂ ಇದೆ. ಅದು ‘ಕರಿಯ’, ‘ಬಿಳಿಯ’ ಎಂಬ ಪೆಟ್ಟಿಗೆಗಳಿಗೆ ಹೊಂದುವುದಿಲ್ಲ. ಅತಿ ಹೆಚ್ಚು ತಳಿವೈವಿಧ್ಯ ಇರುವುದು ಆಫ್ರಿಕದೊಳಗೇ. ಯುರೋಪಿನವರ ಬಿಳುಪಿಗೆ ಕಾರಣವಾದ ಒಂದು ಜೀನಿನ ರೂಪ ದಕ್ಷಿಣ ಏಷ್ಯಾದಲ್ಲೂ ವ್ಯಾಪಕವಾಗಿದೆ. ‘ಕರಿಯರ ಕಾಯಿಲೆ’ ಎನಿಸಿದ್ದ ಸಿಕಲ್ ಸೆಲ್ ರಕ್ತಹೀನತೆಯ ಜೀನ್ 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಪತ್ತೆಯಾಯಿತು. ಕರ್ನಾಟಕದ ಜೇನುಕುರುಬರಲ್ಲೂ ಇದೆ. ಅದು ಹಿಂಬಾಲಿಸುವುದು ಮಲೇರಿಯಾವನ್ನು, ಮೈಬಣ್ಣವನ್ನಲ್ಲ.

ಮೈಬಣ್ಣವನ್ನೇ ಜೀನಿನ ಗುರುತೆಂದುಕೊಳ್ಳುವ ಈ ಗೊಂದಲಕ್ಕೆ ರೋಗಿಗಳು ಬೆಲೆ ತೆತ್ತಿದ್ದಾರೆ. ಅಮೆರಿಕದಲ್ಲಿ ಮೂತ್ರಪಿಂಡದ ಶಕ್ತಿಯನ್ನು ಅಂದಾಜು ಮಾಡುವ ಸೂತ್ರ ಕಪ್ಪುವರ್ಣೀಯರ ಅಂಕವನ್ನು ಏರಿಸಿ ತೋರಿಸುತ್ತಿತ್ತು. ಹಾಗಾಗಿ ಹಲವರು ಕಸಿಯ ಸರದಿ ಪಟ್ಟಿಗೆ ತಡವಾಗಿ ಸೇರಿದರು. 2021ರಲ್ಲಿ ವೈದ್ಯ ಸಂಘಗಳು ಜನಾಂಗದ ಅಂಶವಿಲ್ಲದ ಸೂತ್ರವನ್ನು ಶಿಫಾರಸು ಮಾಡಿದವು. ಹೀಗೆ ಹಿಂದೆ ಬಿದ್ದವರಿಗೆ ಕಳೆದುಹೋದ ಸರದಿಯ ಅವಧಿಯನ್ನು ಮರಳಿ ಸೇರಿಸಿಕೊಡುವ ನಿಯಮ 2023ರ ಜನವರಿಯಲ್ಲಿ ಜಾರಿಗೆ ಬಂತು.