ಲಿಂಗತ್ವ–ಪರಿಸರ ಮಾಪನ ಮತ್ತು ಬೃಹತ್ ದತ್ತಾಂಶ

ಕಾಡು ಕರಗಿದರೆ, ಬಾವಿ ಬತ್ತಿದರೆ, ಊರಿಗೆ ನೆರೆ ನುಗ್ಗಿದರೆ ಅದರ ಹೊರೆ ಹೆಂಗಸರ ಮೇಲೂ ಗಂಡಸರ ಮೇಲೂ ಸಮನಾಗಿ ಬೀಳುವುದಿಲ್ಲ. ಈ ವ್ಯತ್ಯಾಸವನ್ನು ಉಪಗ್ರಹ ಚಿತ್ರ, ಮನೆಮನೆ ಸಮೀಕ್ಷೆ, ಮೊಬೈಲ್ ಕರೆಗಳ ದಾಖಲೆ, ಮಾರಾಟದ ಲೆಕ್ಕ ಮುಂತಾದ ಭಾರಿ ಗಾತ್ರದ ದತ್ತಾಂಶಗಳನ್ನು ಒಂದಕ್ಕೊಂದು ಜೋಡಿಸಿ ಅಳೆಯುವ ಅಧ್ಯಯನ ಕ್ಷೇತ್ರವಿದು. 2010ರ ದಶಕದಲ್ಲಿ ಇದಕ್ಕೆ ಪ್ರತ್ಯೇಕ ರೂಪ ಬಂತು. ಮೊದಲಿನಿಂದಲೂ ಇದನ್ನು ಕಾಡಿದ ತೊಡಕು ಒಂದೇ. ಸರ್ಕಾರಗಳು ಎಣಿಸುತ್ತ ಬಂದದ್ದು ಮನೆಗಳನ್ನು. ಮನೆಯೊಳಗೆ ಯಾರು ಏನನ್ನು ಹೊರುತ್ತಾರೆ ಎಂಬುದು ಆ ಎಣಿಕೆಗೆ ಸಿಗಲಿಲ್ಲ.

ಕೃಷಿಯಲ್ಲಿ ಹೆಂಗಸರ ದುಡಿಮೆ ಅಂಕಿಅಂಶಗಳಿಂದ ತಪ್ಪಿಸಿಕೊಳ್ಳುತ್ತಿದೆ ಎಂಬುದನ್ನು ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ 1970ರ ತಮ್ಮ ಪುಸ್ತಕದಲ್ಲಿ ಎತ್ತಿ ತೋರಿಸಿದರು. 1972ರ ಜುಲೈ 23ರಂದು ಅಮೆರಿಕ, ನೆಲದ ಚಿತ್ರ ತೆಗೆಯುವ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹವನ್ನು ಹಾರಿಸಿತು. 1974ರ ಮಾರ್ಚ್‌ನಲ್ಲಿ ಹಿಮಾಲಯದ ರೇಣಿ ಗ್ರಾಮದ ಹೆಂಗಸರು ಗೌರಾದೇವಿಯವರ ಮುಂದಾಳುತನದಲ್ಲಿ ಮರ ಕಡಿಯಲು ಬಂದವರನ್ನು ತಡೆದು ನಿಂತರು. ಆಗಿನ ಉಪಗ್ರಹ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ಸುಮಾರು 80 ಮೀಟರ್ ಅಗಲದ ನೆಲ. ಕಾಡು ಉಳಿಯಿತೇ ಹೋಯಿತೇ ಎಂದು ಆ ಚುಕ್ಕಿ ಹೇಳಬಲ್ಲದು, ಉಳಿಸಿದವರು ಯಾರೆಂದು ಹೇಳಲಾರದು. ನೆಲದ ಲೆಕ್ಕ ಒಂದು ಕಡೆ, ಜನರ ಲೆಕ್ಕ ಇನ್ನೊಂದು ಕಡೆ ಉಳಿದು ಹಲವು ದಶಕ ಕಳೆದವು. 1995ರ ಬೀಜಿಂಗ್ ಮಹಿಳಾ ಸಮ್ಮೇಳನ ಗುರುತಿಸಿದ 12 ಮುಖ್ಯ ಕಾಳಜಿಗಳಲ್ಲಿ ಪರಿಸರವೂ ಒಂದಾಗಿತ್ತು. ಆದರೆ ಆ ಎರಡು ಲೆಕ್ಕಗಳನ್ನು ಜೋಡಿಸಿ ಅಳೆಯುವ ಸಾಧನಗಳು ಆಗಿನ್ನೂ ಕೈಯಲ್ಲಿರಲಿಲ್ಲ.

ಅಳತೆ ಗಟ್ಟಿಯಾಗಿ ಶುರುವಾದದ್ದು ಅಡುಗೆಮನೆಯಲ್ಲಿ. 1980ರ ದಶಕದ ಆರಂಭದಲ್ಲಿ ಸಂಶೋಧಕ ಕರ್ಕ್ ಸ್ಮಿತ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಗುಜರಾತಿನ ನಾಲ್ಕು ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಗಾಳಿಯ ಮಾದರಿ ಹಿಡಿಯುವ ಪುಟ್ಟ ಉಪಕರಣ ತೊಡಿಸಿದರು. ಕೋಣೆಯ ಗೋಡೆಗೆ ಉಪಕರಣ ತೂಗುಹಾಕಿದ್ದರೆ ಸಿಗುತ್ತಿದ್ದದ್ದು ಕೋಣೆಯ ಸರಾಸರಿ. ಒಲೆಯ ಬಾಯಿಗೆ ಮುಖವೊಡ್ಡಿ ಊದುಕೊಳವೆಯಲ್ಲಿ ಊದುವವಳ ಮೂಗಿಗೆ ಸೇರುವುದು ಬೇರೆಯೇ ಗಾಳಿ. 1983ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅಡುಗೆಯ ಹೊತ್ತಿನ ಕಣಗಳ ಪ್ರಮಾಣ ಘನಮೀಟರಿಗೆ ಸುಮಾರು 7 ಮಿಲಿಗ್ರಾಂ ಮುಟ್ಟಿತ್ತು. ಕೆಮ್ಮುತ್ತ ಕಣ್ಣೊರೆಸಿಕೊಂಡು ರೊಟ್ಟಿ ಬಡಿದವರಿಗೆ ಇದು ಹೊಸ ಸುದ್ದಿಯೇನಲ್ಲ. ವಿಜ್ಞಾನದ ದಾಖಲೆಗೆ ಮಾತ್ರ ಹೊಸದಾಗಿತ್ತು. ಇಂಥ ಅಳತೆಗಳನ್ನು ದೇಶದೇಶಗಳ ಇಂಧನ ಸಮೀಕ್ಷೆಗಳೊಂದಿಗೆ ಬೆಸೆದ ಜಾಗತಿಕ ರೋಗಹೊರೆ ಅಧ್ಯಯನ, 2010ರಲ್ಲಿ ಮನೆಯೊಳಗಿನ ಹೊಗೆಯಿಂದ ಸುಮಾರು 35 ಲಕ್ಷ ಜನ ಸತ್ತರೆಂದು ಅಂದಾಜು ಮಾಡಿತು.

ಹಲವು ದೇಶಗಳ ಅಂಕಿಗಳನ್ನು ಒಟ್ಟಿಗೆ ತೂಗುವ ಕೆಲಸವೂ ಇದೇ ಕಾಲದಲ್ಲಿ ಸಾಗಿತು. ಎರಿಕ್ ನೊಯ್‌ಮಾಯರ್ ಮತ್ತು ಥಾಮಸ್ ಪ್ಲೂಂಪರ್ 2007ರಲ್ಲಿ 141 ದೇಶಗಳ 1981ರಿಂದ 2002ರವರೆಗಿನ ಅಂಕಿಗಳನ್ನು ಪರಿಶೀಲಿಸಿದರು. ನೈಸರ್ಗಿಕ ವಿಕೋಪಗಳು ಹೆಂಗಸರ ಆಯುಷ್ಯವನ್ನು ಗಂಡಸರದಕ್ಕಿಂತ ಹೆಚ್ಚು ಕಡಿತಗೊಳಿಸುತ್ತವೆ, ಹೆಂಗಸರ ಸ್ಥಾನಮಾನ ಮೇಲಿರುವಲ್ಲಿ ಈ ಅಂತರ ಕಿರಿದಾಗುತ್ತದೆ ಎಂದು ಕಂಡುಕೊಂಡರು. 2013ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) 72 ದೇಶಗಳ ಪರಿಸರ–ಲಿಂಗತ್ವ ಸೂಚ್ಯಂಕ ಹೊರತಂದಿತು. ದೇಶಗಳಿಗೆ ಅಂಕ ಕೊಡುವ ಇಂಥ ಪಟ್ಟಿಗಳಿಗಿಂತ, ಊರಿನ ಮಟ್ಟಕ್ಕೆ ಇಳಿದ ಕೆಲಸವೇ ಹೆಚ್ಚು ಫಲ ಕೊಟ್ಟಿದೆ.

ಹಾಗೆ ಇಳಿಯಲು ದಾರಿ ಮಾಡಿದ್ದು ಎರಡು ಬೆಳವಣಿಗೆ. 2008ರಲ್ಲಿ ಲ್ಯಾಂಡ್‌ಸ್ಯಾಟ್ ಚಿತ್ರಭಂಡಾರ ಎಲ್ಲರಿಗೂ ಉಚಿತವಾಯಿತು. ಇತ್ತ ಆರೋಗ್ಯ ಸಮೀಕ್ಷೆಗಳು ತಾವು ಭೇಟಿಯಿತ್ತ ಊರುಗಳ ಜಿಪಿಎಸ್ ನೆಲೆಯನ್ನು ಸಂಶೋಧಕರಿಗೆ ಒದಗಿಸತೊಡಗಿದವು. ಭಾರತದ ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2015–16) ಸುಮಾರು 7 ಲಕ್ಷ ಹೆಂಗಸರನ್ನು ಮಾತನಾಡಿಸಿತ್ತು. ಒಬ್ಬಾಕೆಯ ಉತ್ತರದ ಪಕ್ಕದಲ್ಲಿ ಆಕೆಯ ಸೀಮೆಯ ಮಳೆ, ಹಸಿರು, ಬಿಸಿಲಿನ ದಾಖಲೆ ಇಟ್ಟು ನೋಡುವುದು ಹೀಗೆ ಸಾಧ್ಯವಾಯಿತು. ಆದರೆ ಇಲ್ಲೊಂದು ಎಚ್ಚರ ಬೇಕು. ಉತ್ತರ ಕೊಟ್ಟವರ ಗುರುತು ಸಿಗಬಾರದೆಂದು ಈ ಸಮೀಕ್ಷೆಗಳು ನಕ್ಷೆಯ ಮೇಲಿನ ಚುಕ್ಕಿಯನ್ನು ಬೇಕೆಂದೇ ಸರಿಸುತ್ತವೆ: ಪಟ್ಟಣದಲ್ಲಿ 2 ಕಿಲೋಮೀಟರ್‌ವರೆಗೆ, ಹಳ್ಳಿಯಲ್ಲಿ 5 ಕಿಲೋಮೀಟರ್‌ವರೆಗೆ, ಕೆಲವೆಡೆ 10ರವರೆಗೂ. ಇದು ಸರಿಯಾದ ಕ್ರಮವೇ. ಆದರೆ ಕಟ್ಟಿಗೆಗೆ ಮೂರು ಕಿಲೋಮೀಟರ್ ನಡೆಯುವ ಹೆಂಗಸಿನ ಊರು ನಕ್ಷೆಯಲ್ಲಿ ಐದು ಕಿಲೋಮೀಟರ್ ಆಚೆ ಕೂತರೆ ಆಕೆ ನಡೆದ ದಾರಿ ಆ ಜರುಗಿನೊಳಗೇ ಮುಳುಗಿಹೋಗುತ್ತದೆ. ಇಡೀ ಜಿಲ್ಲೆಯ ಬರವನ್ನು ಅಳೆಯಲು ಈ ಜೋಡಣೆ ಸಾಕು, ಕಾಡಿನ ದೂರವನ್ನು ಅಳೆಯಲು ಸಾಲದು.

ಕರ್ನಾಟಕ ಈ ಚರಿತ್ರೆಯಲ್ಲಿ ಬರುವುದು ಅಡುಗೆ ಅನಿಲದ ಲೆಕ್ಕದ ಮೂಲಕ. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಆರಂಭವಾದ ಉಜ್ವಲಾ ಯೋಜನೆಯಲ್ಲಿ ಸಂಪರ್ಕ ಸಿಗುವುದು ಬಡ ಮನೆಯ ವಯಸ್ಕ ಹೆಂಗಸಿನ ಹೆಸರಿಗೆ. 2019ರ ಸೆಪ್ಟೆಂಬರ್ ಹೊತ್ತಿಗೆ 8 ಕೋಟಿ ಸಂಪರ್ಕ ಕೊಟ್ಟಾಗಿತ್ತು. ಹೆಂಗಸರ ಹೆಸರಿನಲ್ಲಿ ತಾನಾಗಿ ಬೆಳೆದ ಭಾರಿ ದತ್ತಾಂಶ ಇದು. ಅಭಿಷೇಕ್ ಕರ್ ಮತ್ತು ಸಂಗಡಿಗರು ಕೊಪ್ಪಳ ಜಿಲ್ಲೆಯ ಗ್ರಾಮೀಣ ಗ್ರಾಹಕರ ಸಿಲಿಂಡರ್ ಖರೀದಿಯ ದಾಖಲೆಗಳನ್ನು ಬಿಡಿಬಿಡಿಯಾಗಿ ಓದಿ, ತಮ್ಮ ಅಧ್ಯಯನವನ್ನು 2019ರಲ್ಲಿ ನೇಚರ್ ಎನರ್ಜಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಯೋಜನೆಯಿಂದ ಸಂಪರ್ಕಗಳು ವೇಗವಾಗಿ ಏರಿದ್ದವು, ಬಳಕೆ ಆ ವೇಗದಲ್ಲಿ ಏರಿರಲಿಲ್ಲ. ಉಜ್ವಲಾ ಗ್ರಾಹಕರಲ್ಲಿ ಸುಮಾರು ಮೂರನೇ ಒಂದು ಪಾಲು ಜನ ಮೊದಲ ವರ್ಷ ಒಂದು ಸಿಲಿಂಡರನ್ನೂ ಮತ್ತೆ ತುಂಬಿಸಿರಲಿಲ್ಲ. ಬೆಲೆ ಮತ್ತು ಬೇಸಾಯದ ಹಂಗಾಮಿಗೆ ತಕ್ಕಂತೆ ಖರೀದಿ ಏರಿಳಿಯುತ್ತಿತ್ತು. ಅದೇ ವರ್ಷ ಮಹಾಲೇಖಪಾಲರ ವರದಿಯೂ ಬಂತು: ವರ್ಷ ತುಂಬಿದ 1.93 ಕೋಟಿ ಉಜ್ವಲಾ ಗ್ರಾಹಕರು ವರ್ಷಕ್ಕೆ ಸರಾಸರಿ 3.66 ಸಿಲಿಂಡರ್ ಮಾತ್ರ ತುಂಬಿಸಿದ್ದರು. ಕೆಲವು ಹೆಸರುಗಳ ಮೇಲೆ ವರ್ಷಕ್ಕೆ 12ಕ್ಕಿಂತ ಹೆಚ್ಚು ಸಿಲಿಂಡರ್ ಹೋಗಿದ್ದವು, ಅವು ಬೇರೆಡೆಗೆ ಹೋದ ಸಂದೇಹಕ್ಕೆ ಕಾರಣವಾಗಿದ್ದವು. ಪುಸ್ತಕದಲ್ಲಿ ಹೆಂಗಸಿನ ಹೆಸರಿದ್ದ ಮಾತ್ರಕ್ಕೆ ಆಕೆಯ ಒಲೆಯ ಹೊಗೆ ಆರಿತೆಂದು ಬರೆದುಕೊಳ್ಳುವಂತಿಲ್ಲ. ತುಂಬಿಸಲು ದುಡ್ಡು ಯಾರ ಕೈಯಲ್ಲಿದೆ, ಕುಳ್ಳು–ಕಟ್ಟಿಗೆ ಪುಕ್ಕಟೆ ಸಿಗುವಾಗ ಗ್ಯಾಸ್ ಬೇಕೆಂದು ತೀರ್ಮಾನಿಸುವವರು ಯಾರು ಎಂಬುದು ಮಾರಾಟದ ಲೆಕ್ಕದಲ್ಲಿ ಇರುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

ಮೊಬೈಲ್ ದಾಖಲೆಗಳ ಕಥೆಯೂ ಹೀಗೆಯೇ ಇದೆ. 2010ರ ಹೈಟಿ ಭೂಕಂಪದ ನಂತರ, ಮತ್ತೆ 2013ರಲ್ಲಿ ಬಾಂಗ್ಲಾದೇಶಕ್ಕೆ ಮಹಾಸೇನ್ ಚಂಡಮಾರುತ ಬಡಿದಾಗ, ಜನ ಎತ್ತ ಹೋದರೆಂದು ಸಿಮ್‌ಗಳ ಚಲನೆಯಿಂದ ಗುರುತಿಸಲಾಯಿತು. ಫೋನಿಲ್ಲದವರು ಆ ನಕ್ಷೆಯಲ್ಲಿ ಇಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಭಾರತದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು ಶೇ 54 ಮಾತ್ರ.

ಹೊರೆಯನ್ನು ಹೊತ್ತಿನಲ್ಲಿ ಎಣಿಸುವ ಪ್ರಯತ್ನ ಭಾರತದಲ್ಲಿ 1998–99ರಲ್ಲಿ ಆರು ರಾಜ್ಯಗಳ ಪ್ರಾಯೋಗಿಕ ಸಮೀಕ್ಷೆಯಿಂದ ಮೊದಲಾಯಿತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಆರು ವರ್ಷ ಮೇಲ್ಪಟ್ಟ ಸುಮಾರು 4.47 ಲಕ್ಷ ಜನರ ದಿನಚರಿಯನ್ನು ಬೆಳಗಿನ 4 ಗಂಟೆಯಿಂದ ಮರುದಿನ ಬೆಳಗಿನ 4ರವರೆಗೆ, ಅರ್ಧ ಗಂಟೆಯ ತುಂಡುಗಳಲ್ಲಿ ಬರೆದುಕೊಂಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಇವು 289 ಮತ್ತು 88 ಆದವು. ಪತ್ರಿಕೆಗಳಲ್ಲಿ ಈ ಅಂಕಿಗಳು ಬಹಳ ಓಡಾಡಿವೆ. ಆದರೆ ನೀರು ಹೊರುವುದೂ ಕಟ್ಟಿಗೆ ಆಯುವುದೂ ಇವುಗಳೊಳಗೆ ಸೇರಿಲ್ಲ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಅವು ‘ಸ್ವಂತ ಬಳಕೆಗೆ ಸರಕುಗಳ ಉತ್ಪಾದನೆ’ ಎಂಬ ಬೇರೆ ಶೀರ್ಷಿಕೆಯಡಿ ಬರುತ್ತವೆ. ಬರಗಾಲದ ವರ್ಷ ಬಿಂದಿಗೆಯ ದಾರಿ ಎಷ್ಟು ಉದ್ದವಾಯಿತೆಂದು ಹುಡುಕುವವರು ಮಳೆಯ ದಾಖಲೆಯನ್ನು ಜೋಡಿಸಬೇಕಾದದ್ದು ಆ ಶೀರ್ಷಿಕೆಯ ನಿಮಿಷಗಳಿಗೆ.